ಉಮ್ಮ ಮುಗಿಸದ ಟೋಪಿ

ಆಲೆಟ್ಟಿಯ ನಮ್ಮ ಮನೆಗೆ ನಾನೇ ಹಿರಿಯಳು. ನನ್ನನ್ನು ಕೇಳದೆ ಇಲ್ಲಿ ಯಾರೂ ಒಂದು ಪಾತ್ರೆಯನ್ನೂ ಕದಲಿಸುವುದಿಲ್ಲ. ನಿನ್ನೆ ಸೊಸೆ ಬಟ್ಟೆಗೆ ಹಾಕಲು ಗಂಜಿ ಬಸಿದಾಗ, ಆ ವಾಸನೆಗೆ ನನ್ನ ಹೆತ್ತ ಉಮ್ಮ ನೆನಪಾದರು.

ಉಮ್ಮ ಬಿಳಿ ಟೋಪಿಯ ಸುತ್ತ ಬಿಳಿ ನೂಲಿನಲ್ಲೇ ಹೂ ಹೊಲಿಯುತ್ತಿದ್ದರು. ಮುಗಿದ ಮೇಲೆ ಗಂಜಿಯಲ್ಲಿ ಅದ್ದಿ, ಮಡಕೆಯ ಮೇಲೆ ಕವುಚಿ ಒಣಗಿಸುತ್ತಿದ್ದರು. ಗಲ್ಫಿಗೆ ಹೋದ ಅಣ್ಣನ ತಲೆಯ ಅಳತೆಗೆ ಗಂಟು ಹಾಕಿದ ನೂಲು ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಆ ಅಳತೆ ಈಗ ಅವನಿಗೆ ಸಾಕಾಗ್ತದಾ ಉಮ್ಮಾ?" ಎಂದು ಒಮ್ಮೆ ಕೇಳಿದ್ದೆ.

"ಗಲ್ಫಿನ ಅನ್ನಕ್ಕೆ ಹೊಟ್ಟೆ ಬೆಳೀಬಹುದು ಮೋಳೇ, ತಲೆ ಬೆಳೀತದಾ?"

ಅವನಿಗೆಂದು ಹೊಲಿಯುತ್ತಿದ್ದ ಟೋಪಿಯಲ್ಲಿ ಹೂವು ಅರ್ಧ ಸುತ್ತು ಬಂದಿತ್ತು. ಅಣ್ಣ ಅಲ್ಲಿಯೇ ತೀರಿಕೊಂಡ, ಅಲ್ಲಿಯೇ ಮಣ್ಣಾದ. ಉಮ್ಮ ಅಳಲಿಲ್ಲ. ಸೂಜಿಯ ಸಮೇತ ಟೋಪಿಯನ್ನು ಪೆಟ್ಟಿಗೆಯಲ್ಲಿಟ್ಟರು. ಸಾಯುವವರೆಗೂ ಮತ್ತೆ ಸೂಜಿ ಹಿಡಿಯಲಿಲ್ಲ.

ನಿನ್ನೆ ಪೆಟ್ಟಿಗೆ ತೆರೆದೆ. ಸೊಸೆಯದು ಕಾಸರಗೋಡಿನ ಕಡೆ, ಈ ಕೆಲಸ ಬಲ್ಲವಳು. "ಎಂತ ಚಂದ ಉಂಟು ಮಾಮಿ! ಉಳಿದದ್ದನ್ನು ನಾನು ಹೊಲೀಲಾ?" ಎಂದು ಕೇಳಿದಳು.

"ಬೇಡ. ಉಮ್ಮ ನಿಲ್ಲಿಸಿದಲ್ಲಿಗೆ ಇರ್ಲಿ" ಎಂದೆ.

ಇವತ್ತು ಬೆಳಿಗ್ಗೆ ತುಕ್ಕು ಹಿಡಿದ ಸೂಜಿಯನ್ನು ನಾನೇ ಬಿಡಿಸಿದೆ. ಅರ್ಧ ಹೂವಿನ ಆ ಟೋಪಿಯನ್ನು ಗಂಜಿಯಲ್ಲಿ ಅದ್ದಿ, ಮಡಕೆಯ ಮೇಲೆ ಕವುಚಿಟ್ಟೆ.