ಲೋಡ್ ಇಲ್ಲದ ದಿನದ ಸೂಜಿ

ರಣಧೀರರು ಯುದ್ಧಕ್ಕೆ ಏಳುವ ಮುನ್ನ ಕಹಳೆ ಊದಿಸುತ್ತಿದ್ದರಂತೆ. ನಮ್ಮ ಬೀದಿಯ ಲೋಡಪ್ಪನವರು ಕುರ್ಚಿಯಿಂದ ಏಳುವ ಮುನ್ನ "ಲೋಡ್ ಇದೆಯಾ?" ಎಂದು ಕೇಳುತ್ತಿದ್ದರು. ಸಕ್ಕರೆ ಮೂಟೆ, ಎಣ್ಣೆ ಡಬ್ಬ ಇಡುವ ಗೋದಾಮಿನ ಗೇಟನ್ನು ಮೂವತ್ತು ವರ್ಷ ಕಾದ ಮಹಾನುಭಾವರು. ಲಾರಿ ಬಂದರೆ ಗೇಟು ತೆಗೆಯುವುದು, ಬರದಿದ್ದರೆ ಅಲುಗಾಡದಿರುವುದು, ಇದೇ ಅವರ ಧರ್ಮ. ಮದುವೆಯ ದಿನ ಎಬ್ಬಿಸಲು ಹೋದವರಿಗೂ ಅದೇ ಪ್ರಶ್ನೆ ಬಿತ್ತೆಂದು ಹೆಂಡತಿ ಇಂದಿಗೂ ಹಲ್ಲು ಕಡಿಯುತ್ತಾರೆ.

ಹನ್ನೆರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ. ಹೋದ ವಾರ ಹೊಟ್ಟೆ ಕೆಟ್ಟಿತು, ಎರಡು ದಿನ ತುತ್ತು ಇಳಿಯಲಿಲ್ಲ. ಲೋಡಪ್ಪನವರು ತಮ್ಮ ಅನುಭವವನ್ನೆಲ್ಲ ಒಟ್ಟುಗೂಡಿಸಿ ತೀರ್ಪು ಕೊಟ್ಟರು: "ಒಳಗೆ ಲೋಡೇ ಹೋಗಿಲ್ಲ. ಸೂಜಿ ಯಾಕೆ?"

"ಡಾಕ್ಟರು ನಿಲ್ಲಿಸಿ ಅಂದ್ರಾ?" ಎಂದರು ಹೆಂಡತಿ.

"ಅವರೇನು ಗೇಟು ಕಾದಿದ್ದಾರಾ?"

ಮೂರನೆಯ ಬೆಳಿಗ್ಗೆ ಗೇಟಿನ ವೀರರು ಏದುಸಿರು ಬಿಡುತ್ತಿದ್ದರು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಹೆಸರು ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು. ಹೆಂಡತಿ ಬರಿಗಾಲಲ್ಲೇ ಆಂಬುಲೆನ್ಸ್ ಹತ್ತಿದರು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ಪು. ಉಳಿಯುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಣ್ಣು ಬಿಟ್ಟಾಗ ಅಣ್ಣನ ಮಗಳು, ಅದೇ ಆಸ್ಪತ್ರೆಯ ನರ್ಸು, ಮಂಚದ ಪಕ್ಕ ನಿಂತಿದ್ದಳು.

"ಚಿಕ್ಕಪ್ಪ, ಇನ್ಸುಲಿನ್ ಜೀವಕೋಶದ ಗೋಡೆ ಹೊರಗೆ ನಿಂತು ಬೆಲ್ ಒತ್ತುತ್ತೆ, ಅಷ್ಟೆ. ಒಳಗೆ ಕೈಯಿಂದ ಕೈಗೆ ಸುದ್ದಿ ಹೋಗಿ, ಒಳಗಿಟ್ಟಿರೋ ಬಾಗಿಲುಗಳನ್ನ ತಂದು ಗೋಡೆಗೆ ಕೂರಿಸ್ತಾರೆ. ಆಗ ಸಕ್ಕರೆ ಒಳಗೆ ಹೋಗುತ್ತೆ."

"ನಾನೂ ಅದೇ ಹೇಳಿದ್ದು. ಲೋಡ್ ಇದ್ರೆ ತಾನೇ?"

"ನೀವು ಉಪವಾಸ ಇದ್ರೂ ಲಿವರ್ ಸಕ್ಕರೆ ಕಳಿಸ್ತಾನೇ ಇರುತ್ತೆ. ಅದಿರಲಿ. ಅದೇ ಬೆಲ್ ಕೊಬ್ಬಿನ ಗೋದಾಮಿಗೂ ಕೇಳಿಸುತ್ತೆ, ಹಿಂಬಾಗಿಲು ಹಾಕಿರಿ ಅಂತ. ನೀವು ಸೂಜಿ ಬಿಟ್ಟು ಆ ಬೆಲ್ಲನ್ನೇ ಕಿತ್ತುಹಾಕಿದ್ರಿ. ಕೊಬ್ಬು ಕರಗಿ ಹೊರಗೆ ಹರೀತು, ಲಿವರ್ ಅದನ್ನ ಆಸಿಡ್ ಮಾಡ್ತು. ರಕ್ತವೇ ಹುಳಿಯಾಯ್ತು."

ಲೋಡಪ್ಪನವರು ಫ್ಯಾನು ನೋಡಿದರು. ಹಿಡಿದ ಕೈಯನ್ನು ಹೆಂಡತಿ ಬಿಟ್ಟಿರಲಿಲ್ಲ.

"ಇವರಿಗೆ ಈಗಲೂ ಊಟ ಸೇರ್ತಿಲ್ಲ ಕಣೇ," ಎಂದರು ಹೆಂಡತಿ.

"ಆದ್ರೂ ಸೂಜಿ ಬಿಡೋ ಹಾಗಿಲ್ಲ ಚಿಕ್ಕಮ್ಮ. ಎಷ್ಟು ಅಂತ ಡಾಕ್ಟರು ಹೇಳ್ತಾರೆ." ಅವಳು ಚಿಕ್ಕಪ್ಪನ ಕಡೆ ತಿರುಗಿದಳು. "ಲೋಡ್ ಬರದ ದಿನ ಕಾವಲುಗಾರ ಹಿಂಬಾಗಿಲು ಕಾಯ್ಬೇಕು ತಾನೇ? ಮೂವತ್ತು ವರ್ಷ ನೀವು ಮಾಡಿದ್ದೇನು ಮತ್ತೆ?"

"ನಿದ್ದೆ," ಎಂದರು ಲೋಡಪ್ಪನವರು. "ಸೂಜಿ ಕೊಡಮ್ಮ."