ವಾಸಣ್ಣನ ಕಾಗದ, ಒಂಬತ್ತು ಬೆಳ್ಳಿ ಮೊಳೆ

ಕೋವಿ ಕೈಗೆ ಬಂದರೆ ವಾಸಣ್ಣ ಮೊದಲು ಹುಡುಕುತ್ತಿದ್ದದ್ದು ಉಳಿಯನ್ನಲ್ಲ, ಪೆನ್ಸಿಲನ್ನು. ಮರದ ಹಿಡಿಯ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜುವರು. ಗೀರು, ಕೆತ್ತನೆ, ಮೊಳೆಯ ತಲೆ ಎಲ್ಲ ಕಾಗದದಲ್ಲಿ ಎದ್ದು ಬರುತ್ತಿತ್ತು. ಅಡಿಯಲ್ಲಿ ಕೋವಿಯ ಯಜಮಾನನ ಹೆಸರು, ಅದರಡಿ ಕೆಲಸ ಮಾಡಿದವನ ಹೆಸರು. ಎರಡೂ ಕನ್ನಡದಲ್ಲಿ.

ಗಲ್ಫಿನ ಈ ಸುವೈಕ್‌ನಲ್ಲಿ ನಮಗೆ ವೀಸಾ ಕೊಟ್ಟ ಯಜಮಾನ, ನಮ್ಮ ಕಫೀಲನದು ಲೈಸೆನ್ಸ್ ಇರುವ ಹಳೆ ಕೋವಿಗಳ ಅಂಗಡಿ. ಇಲ್ಲಿ ಮದುವೆಗೆ, ಹಬ್ಬಕ್ಕೆ ಗಂಡಸರು ಅಜ್ಜನ ಕೋವಿ ಹಿಡಿದು ಕುಣಿಯುತ್ತಾರೆ. ಅವುಗಳ ಮರದ ಕೆಲಸ ಕಾರ್ಕಳದ ವಾಸಣ್ಣನದು, ಆಮೇಲೆ ನನ್ನದೂ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಕೆಲಸದಲ್ಲಿ ನನ್ನನ್ನು ಮೀರಿಸುವವನಿಲ್ಲ ಎಂಬ ಜಂಭ ನನಗಿತ್ತು.

"ಒಂದು ಹಿಡಿಗೆ ಮೂರು ದಿನವಾ ವಾಸಣ್ಣ?"

"ನಿನಗೆಂತ, ಕಾರ್ಕಳದ ಕೊನೇ ಬಸ್ಸು ತಪ್ಪುತ್ತದಾ? ಕೂತ್ಕೊ ಮಾರಾಯ."

ಹೀಗಿರುವಾಗ ಒಂದು ಸುದ್ದಿ ಹಬ್ಬಿತು. ಇನ್ನು ಹಳೆ ಕೋವಿ ಮಾರುವಂತಿಲ್ಲವಂತೆ, ಕೊಳ್ಳುವಂತಿಲ್ಲವಂತೆ. ಯಾರು ಹೇಳಿದ್ದು? ಎಲ್ಲರ ಮೊಬೈಲಿಗೂ ಬಂದಿತ್ತು, ಅಷ್ಟೆ. ಮರುದಿನದಿಂದ ಅಂಗಡಿಯ ಮುಂದೆ ಕಾರುಗಳ ಸಾಲು. ಬೆಲೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಕಫೀಲ್ ಸಿಕ್ಕಸಿಕ್ಕಲ್ಲಿಂದ ಕೋವಿ ತಂದು ರಾಶಿ ಹಾಕಿ, "ಯಲ್ಲಾ, ಬೇಗ ಬೇಗ, ಎಲ್ಲ ಹೊಳೀಬೇಕು" ಎಂದ.

ನಾನು ಮೆಷಿನ್ ಹಿಡಿದು ದಿನಕ್ಕೆ ಎಂಟು ಹಿಡಿ ಉಜ್ಜಿ ಕಪ್ಪು ಪಾಲಿಶ್ ಹೊಡೆದೆ. ಪ್ರತಿ ಕೋವಿಗೂ ಅರಬ್ಬಿಯಲ್ಲಿ ಬರೆದ ಚೀಟಿ ಇತ್ತು. ನನಗೆ ಅರಬ್ಬಿ ಬಾರದು. ವಾಸಣ್ಣನಿಗೆ ಓದಲು ಬರುತ್ತಿತ್ತು.

"ಚೀಟಿ ನನಗೆ ತೋರಿಸಿ ಮತ್ತೆ ಮುಟ್ಟು" ಎಂದಿದ್ದರು.

ನನಗಿಂತ ನಿಧಾನದವರನ್ನು ನಾನೇಕೆ ಕೇಳಲಿ?

ಎರಡೇ ವಾರ. ಸುದ್ದಿ ಸುಳ್ಳಾಯಿತು. ಬೆಲೆ ಧಡಕ್ಕನೆ ಬಿತ್ತು. ಕೊಂಡವರೇ ವಾಪಸ್ ಮಾರಲು ಸಾಲು ನಿಂತರು. ನಾನು ಹೊಳೆಯಿಸಿದವು ಗೋಡೆಗೆ ಒರಗಿ ಹಾಗೇ ಉಳಿದವು. ಕಫೀಲ್ ಅವುಗಳ ಎದುರು ತಲೆ ಮೇಲೆ ಕೈ ಹೊತ್ತು ಕೂತ.

ಅದೇ ವಾರ ಖಲ್ಫಾನ್ ಎಂಬ ಮುದುಕರು ಬಂದರು. ಮೊಮ್ಮಗನ ಮದುವೆಗೆಂದು ಹಿಡಿಯ ಬಿರುಕು ಕೂಡಿಸಲು ಕೊಟ್ಟಿದ್ದರಂತೆ. ಮಾರಲಿಕ್ಕಲ್ಲ, ಚೀಟಿಯಲ್ಲೂ ಹಾಗೇ ಬರೆದಿತ್ತಂತೆ. ಕೋವಿ ಕೈಗೆ ತೆಗೆದುಕೊಂಡು ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು:

"ಮರ್ಯಮ್ ಎಲ್ಲಿ?"

ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಅವರ ತಂದೆ ಆ ಹಿಡಿಗೊಂದು ಬೆಳ್ಳಿ ಮೊಳೆ ಹೊಡೆದಿದ್ದರು. ಒಟ್ಟು ಒಂಬತ್ತು. ನಾಲ್ಕನೆಯದು ತಂಗಿ ಮರ್ಯಮ್‌ದು, ಮೂರು ವರ್ಷಕ್ಕೇ ಹೋದವಳು. ಅವಳ ಫೋಟೋ ಇಲ್ಲ. ಇದ್ದದ್ದು ಆ ಮೊಳೆಯೊಂದೇ.

ಒಂಬತ್ತನ್ನೂ ಇಕ್ಕಳದಲ್ಲಿ ಕಿತ್ತು, ತೂತಿಗೆ ಪುಟ್ಟಿ ತುಂಬಿದವನು ನಾನೇ. ಮೊಳೆಗಳು ಮರದ ಹುಡಿಯ ಜೊತೆ ಕಸದ ಲಾರಿ ಹತ್ತಿ ಎಷ್ಟೋ ದಿನವಾಗಿತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಾಸಣ್ಣ ಮುಂದೆ ಬಂದು, "ನನ್ನ ಕೈಯಿಂದ ಆದದ್ದು ಬಾಬಾ" ಎಂದುಬಿಟ್ಟರು.

ಖಲ್ಫಾನ್ ಬೈಯಲಿಲ್ಲ. ಬೈದದ್ದು ಕಫೀಲ್. ಬೆಲೆ ಬಿದ್ದ ಸಿಟ್ಟೂ ಅದರಲ್ಲಿ ಸೇರಿತ್ತು. ವಾಸಣ್ಣನ ವೀಸಾ ಆ ತಿಂಗಳು ಮುಗಿಯುವುದಿತ್ತು. "ಖಲಾಸ್, ಇನ್ನು ವೀಸಾ ಇಲ್ಲ" ಎಂದ.

ಟ್ಯಾಕ್ಸಿಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದಾಗ ಕೇಳಿದೆ: "ಯಾಕೆ ಹೇಳಿದಿರಿ ವಾಸಣ್ಣ?"

"ನೀನು ಬಂದು ಒಂದು ವರ್ಷ ಆಗ್ಲಿಲ್ಲ. ನಾನು ತಿಂದದ್ದು ಸಾಕು ಈ ಊರಿನ ಧೂಳು." ಕಾಗದಗಳ ಫೈಲನ್ನು ನನ್ನ ಕಂಕುಳಿಗೆ ತುರುಕಿದರು. "ಪೆನ್ಸಿಲ್ ಮೇಜಿನಲ್ಲಿ ಉಂಟು."

ಟ್ಯಾಕ್ಸಿ ಹೋದ ಮೇಲೆ ಫೈಲಿನ ಕೊನೆಯ ಹಾಳೆ ತೆಗೆದೆ. ನಾನು ಹಾಳು ಮಾಡಿದ ಮೇಲೂ ಆ ಹಿಡಿಯನ್ನು ಕಾಗದಕ್ಕೆ ಇಳಿಸಿದ್ದರು. ಗೀರಿಲ್ಲ, ಮೊಳೆಯಿಲ್ಲ, ಬರೀ ಬೂದಿ ಬಣ್ಣ. ಅಡಿಯಲ್ಲಿ ಖಲ್ಫಾನ್, ಅದರಡಿ ತಮ್ಮದೇ ಹೆಸರು.

ಮುಂದಿನ ಶುಕ್ರವಾರ ಖಲ್ಫಾನರ ಮನೆ ಹುಡುಕಿಕೊಂಡು ಹೋಗಿ ಆ ಹಾಳೆಯನ್ನು ಅವರ ಕೈಯಲ್ಲಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು. ಕೆಳಗೆ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದದ್ದರ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು.

"ನನ್ನ ಹೆಸರು" ಎಂದೆ.