ವಾಪಸ್ ಬಂದ ಗೊನೆ

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಸಿಯಲ್ಲಿ ಆಗ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದರು. ಧಾರವಾಡದವರು ನೋಡಿ ನೋಡಿ ಬೇಸತ್ತ ಮೇಲೆ ಚಿತ್ರ ನಮ್ಮಲ್ಲಿಗೆ ಬರುತ್ತಿತ್ತು. ಅಷ್ಟರಲ್ಲಿ ರೀಲು ಅಲ್ಲಲ್ಲಿ ಹರಿದು, ಸತ್ತವನು ಮುಂದಿನ ದೃಶ್ಯದಲ್ಲಿ ಎದ್ದು ಊಟ ಮಾಡುವುದೂ ಇತ್ತು. ಹಾಗೆ ಬಂದದ್ದೇ ಒಬ್ಬ ತ್ಯಾಗಿ ಡಾಕ್ಟರನ ಚಿತ್ರ. ಮಾತೆಲ್ಲ ಹಿಂದಿ. ಯಲ್ಲಾಪುರ ದಾರಿಯ ಸರ್ವಿಸ್ ಮೋಟಾರು ಓಡಿಸುವ ಸಾಹೇಬರು ನನ್ನ ಪಕ್ಕದಲ್ಲಿ ಕೂತು ಇಡೀ ಬೆಂಚಿಗೆ ಅರ್ಥ ಹೇಳುತ್ತಿದ್ದರು. ತೆರೆಯ ಮೇಲಿನ ಡಾಕ್ಟರು ಕಣ್ತುಂಬಿಕೊಂಡು ಉದ್ದಕ್ಕೆ ಭಾಷಣ ಮಾಡಿದರೆ ಸಾಹೇಬರದು ಒಂದೇ ಸಾಲು: "ಏನೂ ಬೇಡ ಅಂತಾನೆ." ಜಮೀನ್ದಾರನೊಬ್ಬ ಚಿನ್ನದ ಸರ ಕೊಡಲು ಬಂದ. "ಅದೂ ಬೇಡ ಅಂತಾನೆ." ಕೊನೆಗೆ ಸುಂದರಿಯೊಬ್ಬಳು ಮದುವೆಯಾಗು ಎಂದು ಬಂದಳು. ಸಾಹೇಬರು ನಿಟ್ಟುಸಿರು ಬಿಟ್ಟರು: "ಇವನಿಗೆ ತಲೆ ಸರಿ ಇಲ್ಲ."

ನಮ್ಮ ಮುಂದಿನ ಕುರ್ಚಿಯಲ್ಲಿ ಶಿರಸಿಯ ಡಾಕ್ಟರು ಕೂತಿದ್ದರು. ಧಾರವಾಡದ ಕಡೆಯವರು, ಬಂದು ವರ್ಷವೂ ಆಗಿರಲಿಲ್ಲ. ಅವರು ಮಾತ್ರ ಕರವಸ್ತ್ರದಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ನಮ್ಮ ಮನೆಯವರೆಗೆ ಬರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ನನ್ನ ತಾಯಿಗೆ, ನಮ್ಮ ಆಯಿಗೆ, ಆಗ ಮಲೇರಿಯಾ. ಮರುದಿನ ನಾನು ಯಲ್ಲಾಪುರ ದಾರಿಯ ನಮ್ಮ ಹಳ್ಳಿಯಿಂದ ಒಂದು ಬಾಳೆಗೊನೆ ಹೊತ್ತು, ಸಾಹೇಬರ ಮೋಟಾರು ಹತ್ತಿ, ಔಷಧ ತರಲು ಶಿರಸಿಯ ದವಾಖಾನೆಗೆ ಹೋದೆ. ವೈದ್ಯರಿಗೆ ಗೊನೆ ಕೊಡುವುದು ನಮ್ಮ ಕಡೆಯ ರೂಢಿ. ಡಾಕ್ಟರು ಕ್ವಿನೈನ್ ಕಟ್ಟಿಕೊಟ್ಟು, ಗೊನೆಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

"ಬ್ಯಾಡ್ರಿ, ಮನೀಗೆ ಒಯ್ರಿ. ಇವತ್ತಿನಿಂದ ನಾ ಯಾರ ಕಡೆಯಿಂದಲೂ ಏನೂ ತಗೊಳ್ಳಂಗಿಲ್ಲ."

ಮುಖ ಥೇಟ್ ಸಿನಿಮಾದವನದೇ.

ಪಾಪ, ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ನಮ್ಮ ಹಳೇ ಪಂಡಿತರು ನಾಡಿ ಹಿಡಿದು ನೋಡಿ, ಇನ್ನು ಕೈಲಾಗದು ಎನಿಸಿದರೆ ಅದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ತಂದ ಗೊನೆಯನ್ನು ವಾಪಸ್ ಕೊಡುತ್ತಿದ್ದರು. ಮನೆಯವರು ಅರ್ಥ ಮಾಡಿಕೊಂಡು ನೆಂಟರಿಗೆ ಹೇಳಿಕಳಿಸುತ್ತಿದ್ದರು.

ಗೊನೆಯನ್ನು ಮತ್ತೆ ಮೋಟಾರಿನ ಮೇಲೆ ಏರಿಸುವಾಗ ಸಾಹೇಬರ ಮುಖ ಸಣ್ಣಗಾಯಿತು. "ಯಾ ಅಲ್ಲಾ, ತಗೊಳ್ಳಲಿಲ್ವಾ?" ಎಂದರು. ಎಲ್ಲ ಆ ಸಿನಿಮಾದ ಪ್ರಭಾವ ಎಂದು ನಾನು ಎಷ್ಟು ವಿವರಿಸಿದರೂ ಮೋಟಾರಿನಲ್ಲಿ ಒಬ್ಬರೂ ನಂಬಲಿಲ್ಲ. ಯಾರೋ ಎದ್ದು ನನಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು.

ಆಯಿ ಮಲಗಿದಲ್ಲಿಂದಲೇ ನೋಡಿದಳು. "ತಮಾ, ಗೊನೆ ಎಂತಕ್ಕೆ ವಾಪಸ್ ಬಂತು?"

ಡಾಕ್ಟರಿಗೆ ಆದರ್ಶ ಬಂದಿದೆ ಎಂದೆ.

"ಆದರ್ಶ ಹೇಳಿದ್ರೆ ಎಂತ ಕಾಯಿಲೆ?" ಎಂದು ಕೇಳಿ ಗೋಡೆಯ ಕಡೆ ತಿರುಗಿದಳು. ಕ್ವಿನೈನ್ ಮುಟ್ಟಲಿಲ್ಲ. "ಸಾಯವಳಿಗೆ ಕಹಿ ಬೇರೆ ಎಂತಕ್ಕೆ?" ಎಂದಳು. ಸಿದ್ದಾಪುರದಿಂದ ಅಕ್ಕ ದಾರಿಯುದ್ದಕ್ಕೂ ಅಳುತ್ತ ಬಂದಳು. ಜ್ವರ ಏರುತ್ತಲೇ ಹೋಯಿತು. ಅಲ್ಲಿಯವರೆಗೆ ನಗುತ್ತಿದ್ದ ನನಗೂ ಹೆದರಿಕೆಯಾಯಿತು. ಔಷಧ ಮನೆಯಲ್ಲಿಟ್ಟುಕೊಂಡು ಆಯಿಯನ್ನು ಕಳೆದುಕೊಳ್ಳುವ ಕಾಲ ಬಂದಿತ್ತು.

ಅದೇ ಗೊನೆ ಹೊತ್ತು ಮತ್ತೆ ಶಿರಸಿಗೆ ಓಡಿದೆ. "ಡಾಕ್ಟ್ರೇ, ಸೇವೆ ಎಷ್ಟಾದ್ರೂ ಮಾಡಿ, ಗೊನೆ ಮಾತ್ರ ತಗೊಳ್ಳಿ," ಎಂದು ಕೈಮುಗಿದು ರೂಢಿಯನ್ನು ವಿವರಿಸಿದೆ. ಅವರ ಮುಖ ಇಳಿದುಹೋಯಿತು. ತ್ಯಾಗಕ್ಕೆ ಹೊರಟವರಿಗೆ ಬಾಳೆಹಣ್ಣು ಅಡ್ಡ ಬಂದಿತ್ತು. ಗೊನೆ ತೆಗೆದುಕೊಂಡು ಒಳಗಿಟ್ಟರು.

ನಾನು ಬರಿಗೈಯಲ್ಲಿ ಬಂದದ್ದು ಕಂಡು ಆಯಿ ಎದ್ದು ಕೂತಳು. ಕ್ವಿನೈನ್ ನುಂಗಿ ಮುಖ ಕಿವುಚಿ, "ಕೊಟ್ಟ ಕೂಡ್ಲೆ ತಗಂಡ್ನಾ? ಆಸೆಬುರುಕ!" ಎಂದು ಡಾಕ್ಟರನ್ನು ಬೈದಳು. ಜ್ವರ ಬಿಟ್ಟಿತು.

ಮುಂದಿನ ವರ್ಷ ಆಯಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಸಾಹೇಬರ ಮೋಟಾರಿನಲ್ಲಿ ಡಾಕ್ಟರು ಮನೆಗೇ ಬಂದರು. ಹೊಟ್ಟೆ ಮುಟ್ಟಿ ನೋಡಿ ಮುಗಿಸುತ್ತಿದ್ದಂತೆ ಆಯಿ ಮೂಲೆಯ ಗೊನೆಯತ್ತ ಕೈ ತೋರಿಸಿ ಅವರ ಮುಖವನ್ನೇ ನೋಡಿದಳು.

ಡಾಕ್ಟರು ಗೊನೆಯನ್ನು ತಾವೇ ಎತ್ತಿ, ಕೈಯಲ್ಲಿ ತೂಗಿ ನೋಡಿದರು. "ಇಷ್ಟ ಏನ್ರಿ? ಮುಂದಿನ ಸಲ ಇದಕ್ಕಿಂತ ದೊಡ್ಡದು ಬೇಕು ನೋಡ್ರಿ!" ಎಂದು ಗದರಿದರು.

ಆಯಿ ನಕ್ಕುಬಿಟ್ಟಳು. ಅವತ್ತು ಗಂಜಿ ಕುಡಿದು, "ಮುಂದಿನ ಗೊನೆ ಚೊಲೋದು ನೋಡಿ ಕಡಿ, ತಮಾ," ಎಂದು ತಾಕೀತು ಮಾಡಿದಳು. ನನಗೂ ಎದೆ ಹಗುರಾಯಿತು. ಗುಣವಾಗುತ್ತದೆ ಎಂಬ ನಂಬಿಕೆಯಲ್ಲೇ ಆ ವಾರ ಹೋಗಿಬಿಟ್ಟಳು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಸಿಟ್ಟಿನಿಂದಲೇ ದವಾಖಾನೆಗೆ ಹೋದೆ. ಗೊತ್ತಾಗದೆ ಗೊನೆ ತೆಗೆದುಕೊಂಡರೋ, ಗೊತ್ತಿದ್ದೂ ತೆಗೆದುಕೊಂಡರೋ ಎಂದು ಕೇಳಬೇಕಿತ್ತು. ಡಾಕ್ಟರು ರೋಗಿಯೊಬ್ಬನನ್ನು ನೋಡುತ್ತಿದ್ದರು. ಹಿಂದಿನ ಜಗಲಿಯಲ್ಲಿ ಕೂರಲು ಸನ್ನೆ ಮಾಡಿದರು. ಅಲ್ಲಿ ತೊಲೆಗೆ ನಮ್ಮ ಗೊನೆ ತೂಗುತ್ತಿತ್ತು. ಪೂರ್ತಿ ಕಪ್ಪಾಗಿ ಕೊಳೆತು, ನೊಣ ಮುತ್ತಿದ್ದವು. ಒಂದು ಹಣ್ಣನ್ನೂ ಕಿತ್ತಿರಲಿಲ್ಲ. ಅವರು ಒಳಗಿನಿಂದ ಬರುವಷ್ಟರಲ್ಲಿ ನಾನು ಅಲ್ಲೇ ಕೂತು ಅತ್ತುಬಿಟ್ಟಿದ್ದೆ.